ನಾನು ಸೋತೆನೆಂಬ ಸರ್ಟಿಫಿಕೇಟು

ದಪ್ಪಗಿರುವುದು ಒಂದು ಕಾಯಿಲೆ ಎಂದು ನನಗೆ ತಿಳಿದದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅದು ನಮ್ಮ ಮನೆತನದ ಗುಣ ಎಂದುಕೊಂಡಿದ್ದೆ. ನಮ್ಮ ಕಡೆ ಯಾರಾದರೂ ಬಹಳ ದಿನದ ಮೇಲೆ ಸಿಕ್ಕರೆ ಮೊದಲು ಮೈ ನೋಡುತ್ತಾರೆ, ಆಮೇಲೆ ಮುಖ. ಇಳಿದುಹೋಗಿದ್ದರೆ "ಯಾಕ್ಲಾ, ಉಸಾರಿಲ್ವಾ?" ಎಂದು ಮರುಗುತ್ತಾರೆ. ಮೈ ತುಂಬಿಕೊಂಡಿದ್ದರೆ "ಈಗ ನೋಡು, ಮನುಷ್ಯ ಇದ್ದಂಗೆ ಇದ್ದೀಯ" ಎಂದು ಸಂತೋಷಪಡುತ್ತಾರೆ. ಈ ಲೆಕ್ಕದಲ್ಲಿ ನಾನು ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ಮನುಷ್ಯನಾಗುತ್ತ ಬಂದು ನೂರ ಹದಿನಾರು ಕಿಲೋ ಮುಟ್ಟಿದೆ. ಹುಣಸೂರಿನ ನಮ್ಮ ಮನೆಯಿಂದ ನಾನು ಪಾಠ ಮಾಡುವ ಹೈಸ್ಕೂಲಿಗೆ ದಿನವೂ ಬಸ್ಸಿನಲ್ಲಿ ಹೋಗಬೇಕು. ಮೂರು ಜನ ಕೂರುವ ಸೀಟಿನಲ್ಲಿ ನಾನು ಕೂತಿದ್ದರೆ ಕಂಡಕ್ಟರು "ಮೇಷ್ಟ್ರ ಸೀಟಿಗೆ ಇಬ್ರೇ ಕಣ್ರೀ, ಮುಂದಕ್ಕೋಗಿ" ಎಂದು ಬೇರೆಯವರನ್ನು ಕಳಿಸುತ್ತಿದ್ದ. ಅದು ಉಪಾಧ್ಯಾಯ ವೃತ್ತಿಗೆ ಸಲ್ಲುವ ಗೌರವ ಎಂದೇ ನಾನು ತಿಳಿದಿದ್ದೆ.

ನನ್ನ ಹೆಂಡತಿ ಗಿರಿಜಾಳಿಗೆ ಹಾಗೆ ಅನ್ನಿಸಿರಲಿಲ್ಲ. ನನಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದಂತೆ. "ಅಂತೆ" ಎಂದೇ ಹೇಳಬೇಕು, ಏಕೆಂದರೆ ಆ ಹೊತ್ತಿನಲ್ಲಿ ನಾನು ನಿದ್ದೆ ಮಾಡುತ್ತಿರುತ್ತೇನೆ. ಗೊರಕೆ ಜೋರಾಗಿ ಬರುತ್ತಿದ್ದು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಗುತ್ತದೆ. ಮೊದಲು ಗೊರಕೆ ಬಂದರೆ ಎಚ್ಚರವಾಗುತ್ತಿದ್ದವಳು ಈಗ ಗೊರಕೆ ನಿಂತರೆ ಎಚ್ಚರವಾಗುತ್ತಾಳೆ. ಎರಡು ವರ್ಷದಿಂದ ಅವಳಿಗೆ ನೆಟ್ಟಗೆ ನಿದ್ದೆಯಿಲ್ಲ. ಹಗಲು ಅಕ್ಕಿ ಆರಿಸುತ್ತ ಕೂತಲ್ಲೇ ತೂಕಡಿಸುತ್ತಾಳೆ, ಮೊರ ಜಾರಿ ಅಕ್ಕಿಯೆಲ್ಲ ನೆಲದ ಪಾಲಾಗುತ್ತದೆ. ನಾನು ಅದನ್ನು ತಮಾಷೆ ಮಾಡುತ್ತಿದ್ದೆ. ಕೊನೆಗೆ ಒಂದು ದಿನ ಅವಳೇ ನನ್ನನ್ನು ಮೈಸೂರಿನ ಆಸ್ಪತ್ರೆಗೆ ಹೊರಡಿಸಿಕೊಂಡು ಹೋದಳು. ಅಲ್ಲಿನ ವೈದ್ಯರು, ಇದು ತಮಾಷೆಯಲ್ಲ, ಹೀಗೇ ಬಿಟ್ಟರೆ ಹೃದಯಕ್ಕೆ ಪೆಟ್ಟು, ಇಷ್ಟು ತೂಕ ಇಳಿಯಬೇಕಾದರೆ ಆಪರೇಷನ್ನೇ ದಾರಿ ಎಂದರು. ನಾನು ಯೋಚಿಸಿ ಹೇಳುತ್ತೇನೆ ಎಂದೆ. ಗಿರಿಜಾ ಯೋಚಿಸದೆ "ಮಾಡಿ ಸಾರ್" ಎಂದಳು.

ಸರ್ಜನ್ನರು ಒಳ್ಳೆಯವರು. ಕಾಗದದ ಮೇಲೆ ನನ್ನ ಹೊಟ್ಟೆಯ ಚಿತ್ರ ಬರೆದು, ಅದರಲ್ಲಿ ಮುಕ್ಕಾಲು ಪಾಲಿಗೆ ಅಡ್ಡಗೆರೆ ಹಾಕಿ, ಉಳಿಯುವುದು ಒಂದು ಬಾಳೆಕಾಯಿಯಷ್ಟು ಎಂದು ತೋರಿಸಿದರು. ನಾನು ಆ ಅಡ್ಡಗೆರೆಯನ್ನೇ ನೋಡುತ್ತ ಕೂತಿದ್ದೆ. ನಲವತ್ತೆಂಟು ವರ್ಷ ಕಷ್ಟಸುಖಕ್ಕೆ ಜೊತೆಗಿದ್ದ ಅಂಗ. ಅಷ್ಟರಲ್ಲಿ ಅವರು, "ಆಪರೇಷನ್‌ಗೆ ಮುಂಚೆ ನೀವು ಆರು ಕಿಲೋ ಇಳಿಸ್ಕೊಂಡು ಬರ್ಬೇಕು ಸಾರ್" ಎಂದರು. ಅಗಸನಿಗೆ ಹಾಕುವ ಬಟ್ಟೆಯನ್ನು ಒಗೆದುಕೊಂಡು ಬಾ ಎಂದ ಹಾಗಾಯಿತು. ಇಳಿಸಲು ಬರುತ್ತಿದ್ದರೆ ನಿಮ್ಮ ಹತ್ತಿರ ಏಕೆ ಬರುತ್ತಿದ್ದೆ ಎಂದು ಕೇಳಿದೆ. ಲಿವರ್ ಕೊಬ್ಬಿ ಕೂತಿದೆ, ಅದು ಸ್ವಲ್ಪ ಕರಗದಿದ್ದರೆ ಅದರ ಕೆಳಗಿರುವ ಹೊಟ್ಟೆಗೆ ಕೈ ಹಾಕುವುದು ಕಷ್ಟ ಎಂದು ವಿವರಿಸಿದರು. ಅರ್ಥವಾದವನಂತೆ ತಲೆಯಾಡಿಸಿ ಕೆಳಗಿಳಿದು ಬಂದೆ.

ಕೆಳಗೆ ಇನ್ಶೂರೆನ್ಸ್ ಕೌಂಟರಿನಲ್ಲಿ ಕನ್ನಡಕದ ಒಬ್ಬಳು ಹುಡುಗಿ. ನನ್ನ ಎತ್ತರ, ತೂಕ ಬರೆದುಕೊಂಡು ಏನೋ ಲೆಕ್ಕ ಹಾಕಿದಳು. "ಕಂಪನಿಯವ್ರದ್ದು ಒಂದು ಗೆರೆ ಇರುತ್ತೆ ಸಾರ್. ಅದ್ರ ಮೇಲಿದ್ರೇನೇ ಅಪ್ರೂವಲ್ಲು. ನೀವು ಆ ಗೆರೆಗಿಂತ ಮೂರೇ ಕಿಲೋ ಮೇಲಿದ್ದೀರಿ. ಅಪ್ರೂವಲ್ ಬರೋವರ್ಗೂ ದಯವಿಟ್ಟು ಇಳಿಸ್ಬೇಡಿ" ಎಂದಳು. ಮೇಲೆ ಡಾಕ್ಟರು ಆರು ಕಿಲೋ ಇಳಿಸು ಎಂದಿದ್ದಾರಲ್ಲ ಎಂದೆ. "ಅದು ಆಮೇಲೆ ಸಾರ್" ಎಂದಳು. ಆದರೆ ಸರ್ಜನ್ನರು ಇವತ್ತಿನಿಂದಲೇ ಎಂದಿದ್ದರು. ಇಬ್ಬರೂ ಒಂದೇ ಕಟ್ಟಡದವರು, ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು. ಯಾರ ಮನಸ್ಸನ್ನೂ ನೋಯಿಸದ ಸ್ವಭಾವ ನನ್ನದಾದ್ದರಿಂದ ಬೆಳಿಗ್ಗೆ ಸರ್ಜನ್ನರ ಮಾತು, ಸಂಜೆ ಇನ್ಶೂರೆನ್ಸಿನವರ ಮಾತು ನಡೆಸತೊಡಗಿದೆ. ಬೆಳಿಗ್ಗೆ ಸೌತೆಕಾಯಿ, ಮಜ್ಜಿಗೆ. ಸಂಜೆ ಮುದ್ದೆ, ಅವರೆಕಾಳು ಸಾರು, ಮೇಲೊಂದಿಷ್ಟು ಅನ್ನ ತುಪ್ಪ. ತೂಕದ ಯಂತ್ರದ ಮುಳ್ಳು ಒಂದು ಕೂದಲಷ್ಟೂ ಅಲ್ಲಾಡಲಿಲ್ಲ.

ಈ ನಡುವೆ ಸುದ್ದಿ ಹಂಪಾಪುರದ ನಮ್ಮ ಅಕ್ಕನಿಗೆ ಹೋಯಿತು. ಹೊಟ್ಟೆ ಕೊಯ್ದ ಮೇಲೆ ತಮ್ಮ ಇನ್ನು ಜನ್ಮದಲ್ಲಿ ಹೊಟ್ಟೆ ತುಂಬ ಉಣ್ಣುವಂತಿಲ್ಲ ಎಂದು ಯಾರೋ ಹೇಳಿಬಿಟ್ಟಿದ್ದರು. ಏಳು ತಿಂಗಳ ಬಸುರಿಯನ್ನು ಕರೆದು ಬಯಕೆ ಊಟ ಹಾಕುವಂತೆ ನನ್ನನ್ನು ಕರೆಸಿ, ಒತ್ತುಶ್ಯಾವಿಗೆ, ಕಾಯಿಹಾಲು, ಹೋಳಿಗೆ ಎಲ್ಲ ಮಾಡಿ ಎದುರಿಗೆ ಕೂತಳು. "ಉಣ್ಲಾ, ಇನ್ನೆಂದು ಉಂಡೀಯ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಬಡಿಸಿದಳು. ಅಳುತ್ತ ಬಡಿಸುವವರಿಗೆ ಬೇಡ ಎನ್ನುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ವಾರ ಇನ್ಶೂರೆನ್ಸಿನವರ ಕೈ ಮೇಲಾಯಿತು.

ಕೌಂಟರಿನ ಹುಡುಗಿ ಕೊಟ್ಟ ಪಟ್ಟಿಯಲ್ಲಿ ಹಲವು ಕಾಗದಗಳಿದ್ದವು. ಎಲ್ಲಾ ಒದಗಿದವು, ಒಂದನ್ನು ಬಿಟ್ಟು. ಬಹಳ ಕಾಲದಿಂದ ನನ್ನನ್ನು ನೋಡುತ್ತಿರುವ ವೈದ್ಯರೊಬ್ಬರು, ಈತ ತೂಕ ಇಳಿಸಲು ಪ್ರಯತ್ನಪಟ್ಟು ವಿಫಲನಾಗಿದ್ದಾನೆ ಎಂದು ಬರೆದುಕೊಡಬೇಕಿತ್ತು. ನಾನು ಬಿಳಿಕೆರೆ ಹತ್ತಿರದ ನಮ್ಮ ಹುಟ್ಟೂರಿನ ಡಾಕ್ಟರ ಬಳಿಗೆ ಹೋದೆ. ಎಂಬತ್ತರ ಹತ್ತಿರದ ಹಿರಿಯರು, ಮೂರು ತಲೆಮಾರಿನ ನಾಡಿ ಹಿಡಿದವರು. ವಿಷಯ ಕೇಳಿ, ಲೆಟರ್‌ಹೆಡ್ಡಿನಲ್ಲಿ ದುಂಡಗಿನ ಇಂಗ್ಲಿಷಿನಲ್ಲಿ ಬರೆದು, ಸೀಲು ಹೊಡೆದು ಕೊಟ್ಟರು. ಅದರ ಸಾರಾಂಶ ಇಷ್ಟು: "ಈತನನ್ನು ಬಾಲ್ಯದಿಂದ ಬಲ್ಲೆ. ಗೌರವಸ್ಥ ಮನೆತನದವನು. ತೂಕ ಇಳಿಸಲು ಪ್ರಾಮಾಣಿಕ ಪ್ರಯತ್ನ ಮಾಡುತ್ತಿದ್ದು ಪ್ರಗತಿ ತೃಪ್ತಿಕರವಾಗಿದೆ. ನಡತೆ ಉತ್ತಮ."

ಅವರನ್ನು ದೂರುವಂತಿಲ್ಲ. ನಮ್ಮ ಕಡೆ ಸರ್ಟಿಫಿಕೇಟು ಎಂದರೆ ಒಬ್ಬರ ಬಗ್ಗೆ ಒಳ್ಳೆಯದನ್ನು ಬರೆದುಕೊಡುವ ಕಾಗದ. ಕೇಳಿಕೊಂಡು ಬಂದವನಿಗೆ ಯಾರಾದರೂ ಕೆಟ್ಟದ್ದನ್ನು ಬರೆದುಕೊಟ್ಟದ್ದುಂಟೇ? ನಾನೇ ಇಪ್ಪತ್ತು ವರ್ಷದಿಂದ ಮಕ್ಕಳ ಟಿ.ಸಿ.ಯಲ್ಲಿ ನಡತೆ ಉತ್ತಮ ಎಂದು ಬರೆಯುತ್ತ ಬಂದವನು. ಕಿಟಕಿಯ ಗಾಜು ಒಡೆದವನಿಗೂ ಉತ್ತಮ, ಒಡೆದದ್ದನ್ನು ಬಂದು ಹೇಳಿದವನಿಗೂ ಉತ್ತಮ. ಡಾಕ್ಟರ ಕಾಗದವನ್ನು ಬಸ್‌ಸ್ಟಾಪಿನಲ್ಲಿ ನಿಂತು ಎರಡು ಸಲ ಓದಿದೆ. ನನ್ನ ದೇಹದ ಬಗ್ಗೆ ಇಷ್ಟು ಮರ್ಯಾದೆಯಿಂದ ಯಾರೂ ಬರೆದಿರಲಿಲ್ಲ. ಹಾಗೇ ಮಡಿಚಿ ಮಿಕ್ಕ ಕಾಗದಗಳ ಜೊತೆ ಕೊಟ್ಟುಬಂದೆ.

ವಾರದೊಳಗೆ ಉತ್ತರ ಬಂತು. ರೋಗಿಯು ಆಪರೇಷನ್ ಇಲ್ಲದೆಯೇ ತೃಪ್ತಿಕರ ಪ್ರಗತಿ ಸಾಧಿಸುತ್ತಿರುವುದರಿಂದ ಮನವಿಯನ್ನು ತಿರಸ್ಕರಿಸಲಾಗಿದೆ, ಸೂಕ್ತ ದಾಖಲೆಗಳಿದ್ದರೆ ಮತ್ತೆ ಸಲ್ಲಿಸಬಹುದು ಎಂದಿತ್ತು. ಗಿರಿಜಾ ಕಾಗದವನ್ನು ನನ್ನಿಂದ ಓದಿಸಿ ಕೇಳಿ ಅಡುಗೆಮನೆಗೆ ಹೋದಳು. ಮಾರನೆಯ ದಿನ ಬೆಳಿಗ್ಗೆ ಸೀರೆ ಉಟ್ಟು ಸಿದ್ಧವಾಗಿ ನಿಂತಿದ್ದಳು. "ನಡೀರಿ ಡಾಕ್ಟ್ರತ್ರ" ಎಂದಳು.

ಡಾಕ್ಟರು ಮೊದಲು ಒಪ್ಪಲಿಲ್ಲ. "ಅಲ್ಲ ಕಣವ್ವ, ಇವ್ನಿಗೆ ದಡಾರ ಎದ್ದಾಗ ನೋಡ್ದೋನು ನಾನು. ಇವರಪ್ಪ ನಮ್ಮನೆಗೆ ಮೊದಲ್ನೇ ಅವರೆಕಾಯಿ ತಂದ್ಕೊಡೋರು. ಇವ್ನು ಸೋತೋನು ಅಂತ ಈ ಕೈಲಿ ಹೆಂಗ್ ಬರೀಲಿ?" ಎಂದರು. ನನಗೂ ಅವರ ಮಾತು ನ್ಯಾಯ ಅನ್ನಿಸಿತು. ಗಿರಿಜಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ನಾನು ಏಳ್ತೀನಿ, ನೀವು ಬರ್ಕೊಳಿ ಡಾಕ್ಟ್ರೇ. ಮೊದ್ಲು ಬಿಸ್ನೀರಿಗೆ ನಿಂಬೆಹಣ್ಣು, ಎಂಟು ದಿನ. ಆಮೇಲೆ ಅದಕ್ಕೆ ಜೇನುತುಪ್ಪ ಬೇಕು ಅಂದ್ರು, ತಂದ್ಕೊಟ್ಟೆ. ದೋಸೆಗೆ ಹಾಕ್ಕೊಂಡು ತಿಂದ್ರು. ಆಮೇಲೆ ನವಣೆ ಅನ್ನ. ಅನ್ನದ ಬದ್ಲು ತಿನ್ನಿ ಅಂದೆ, ಅನ್ನದ ಜೊತೆಗೆ ತಿಂದ್ರು. ಆಮೇಲೆ ವಾಕಿಂಗು. ಸೇತುವೆ ತಂಕ ಹೋಗಿ ಬತ್ತೀನಿ ಅಂತ ಹೋಗೋರು. ಸೇತುವೆ ತಾವ ಬೋಂಡದ ಅಂಗ್ಡಿ ಅದೆ."

"ಎಷ್ಟು ದಿನ ಮಾಡ್ದ?" ಎಂದು ಡಾಕ್ಟರು ಪೆನ್ನೆತ್ತಿ ಕೇಳಿದರು.

"ವಾಕಿಂಗಾ, ಬೋಂಡಾನಾ?" ಎಂದಳು ಗಿರಿಜಾ.

ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತ ಕೂತಿದ್ದೆ. ಪೋಷಕರ ಸಭೆಯಲ್ಲಿ ಮಕ್ಕಳು ಏಕೆ ಹಾಗೆ ಕ್ಯಾಲೆಂಡರು ನೋಡುತ್ತಾರೆ ಎಂದು ಆವತ್ತು ತಿಳಿಯಿತು. ಪಟ್ಟಿ ಮುಗಿದ ಮೇಲೂ ಡಾಕ್ಟರು ವಿಫಲ ಎಂಬ ಆ ಕೊನೆಯ ಪದಕ್ಕೆ ಬಂದು ನಿಂತರು. ಗಿರಿಜಾಳ ದನಿ ಇಳಿಯಿತು.

"ಇವ್ರ ಉಸ್ರು ನಿಂತಾಗ ನಾನು ಎಣಿಸ್ತೀನಿ ಡಾಕ್ಟ್ರೇ. ಹತ್ತು ಅನ್ನೋ ಹೊತ್ತಿಗೆ ಬತ್ತದೆ. ಒಂದೊಂದು ದಿನ ಇಪ್ಪತ್ತಾಯ್ತದೆ. ಎಷ್ಟಕ್ಕೆ ಅಲ್ಲಾಡಿಸಿ ಎಬ್ಬಿಸ್ಬೇಕು ಅಂತ ನಂಗೆ ಯಾರೂ ಏಳ್ಕೊಟ್ಟಿಲ್ಲ."

ಅವಳು ಎಣಿಸುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಪಕ್ಕದಲ್ಲೇ ಮಲಗಿದ್ದವನಿಗೆ ಅದು ಗೊತ್ತಿರಲಿಲ್ಲವಲ್ಲ ಎಂದು ಬಹಳ ನಾಚಿಕೆಯಾಯಿತು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಬೇಜಾರ್ ಮಾಡ್ಕೋಬೇಡ ಕಣಪ್ಪ" ಎಂದು ನನಗೆ ಹೇಳಿ, ಸಂಪೂರ್ಣ ವಿಫಲ ಎಂದು ಬರೆದರು. ಸಂಪೂರ್ಣ ಎಂಬುದನ್ನು ಯಾರೂ ಕೇಳಿರಲಿಲ್ಲ. ಕಾಗದವನ್ನು ಗಿರಿಜಾಳ ಕೈಗೆ ಕೊಟ್ಟರು, ನನ್ನ ಕೈಗೆ ಕೊಡಲಿಲ್ಲ.

ಅಪ್ರೂವಲ್ಲು ಬಂದದ್ದು ಮೂರನೆಯ ಪೀರಿಯಡ್ಡಿನಲ್ಲಿ, ಮೊಬೈಲಿಗೆ. ಸ್ಟಾಫ್ ರೂಮಿನವರೆಲ್ಲ ಮಗಳ ಮದುವೆ ನಿಶ್ಚಯವಾದವನ ಕೈ ಕುಲುಕುವಂತೆ ನನ್ನ ಕೈ ಕುಲುಕಿದರು. ಇಷ್ಟು ದಿನ ಸರ್ಜನ್ನರು ಹೀಗಂದರು, ಕಂಪನಿಯವರು ಹಾಗಂದರು ಎಂದು ಗೊಂದಲದಲ್ಲಿ ಕಾಲ ಕಳೆಯುತ್ತಿತ್ತು. ಈಗ ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆ. ಸಂಜೆ ಮನೆಗೆ ಬಂದು ಹೇಳಿದೆ. ಗಿರಿಜಾ "ಸದ್ಯ" ಎಂದು ಅಲ್ಲೇ ಕೂತಳು. ಆಮೇಲೆ, ಬೇರೆ ಯಾವುದೋ ವಿಷಯ ಕೇಳುವವಳಂತೆ ಕೇಳಿದಳು.

"ಡಾಕ್ಟ್ರು ಮೊದ್ಲು ಕೊಟ್ಟ ಕಾಗ್ದ ಓದ್ದಾಗ್ಲೇ ನಿಮ್ಗೆ ಗೊತ್ತಾಗಿತ್ತು ಅಲ್ವಾ, ಇದು ವಾಪಸ್ ಬತ್ತದೆ ಅಂತ?"

ನಾನು ಇಂಗ್ಲಿಷ್ ಮೇಷ್ಟ್ರು. ಊರವರ ಅರ್ಜಿಗಳನ್ನೆಲ್ಲ ತಿದ್ದಿಕೊಡುವವನು. ಆ ನಾಲ್ಕು ಸಾಲಿನ ಅರ್ಥ ನನಗಾಗಲಿಲ್ಲ ಎಂದರೆ ನನ್ನ ಕೆಲಸವೇ ಹೋಗಬೇಕು.

"ವಾಪಸ್ ಬಂದ ದಿನ ಎಲ್ಡು ಮುದ್ದೆ ಉಂಡ್ರಿ. ಅವತ್ತೇ ಅಂದ್ಕೊಂಡೆ" ಎಂದಳು. ಬೈಗುಳದ ದನಿಯಲ್ಲ. "ಎದ್ರಿಕೆನಾ?"

"ಹೂಂ" ಎಂದೆ. ಇಷ್ಟೂ ದಿನದಲ್ಲಿ ನಾನು ಆಡಿದ ಮೊದಲನೆಯ ನಿಜ ಅದು.

"ನಂಗೂನೂವೆ. ಎದ್ರುಕೊಂಡೇ ಹೋಗನ ಬುಡಿ" ಎಂದು ಅವಳು ಎದ್ದು ನನಗೆ ಗಂಜಿ ಕಾಸಲು ಹೋದಳು.

ಬರುವ ಸೋಮವಾರ ಅಡ್ಮಿಟ್ ಆಗಬೇಕು. ಗಂಜಿ, ಮಜ್ಜಿಗೆ ಕುಡಿದುಕೊಂಡು ಲಿವರ್ ಕರಗಿಸುತ್ತಿದ್ದೇನೆ. ನನ್ನ ಮನಸ್ಸು ಗಟ್ಟಿಯಾಗಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಆದರೂ ಬೆಳಿಗ್ಗೆ ಪೇಪರು ಬಂದ ಕೂಡಲೇ, ಸೋಮವಾರ ಎಲ್ಲಾದರೂ ಬಸ್ ಮುಷ್ಕರ ಇದೆಯೇ ಎಂದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡುತ್ತೇನೆ. ನಿನ್ನೆ ನಾನು ಹಾಗೆ ನೋಡುತ್ತಿದ್ದಾಗ ಗಿರಿಜಾ ಗಂಜಿಯ ಲೋಟ ತಂದು ಪಕ್ಕದಲ್ಲಿಟ್ಟು, "ಕಾರಿನವ್ನಿಗೆ ಏಳಿದ್ದೀನಿ" ಎಂದಳು.