ತಲೆಯೊಳಗಿನ ಅಂಗಡಿ

ಅಂಗಡಿ ಕೊಳ್ಳುವವರು ಸಂಜೆ ಐದಕ್ಕೆ ಬರುವವರಿದ್ದರು. ಭಾವಮೈದುನ ಬೆಳಿಗ್ಗೆ ಎಂಟಕ್ಕೇ ಬಂದುಬಿಟ್ಟ. ದರ್ಜಿಯ ತೊಂದರೆಯೆಲ್ಲ ಶುರುವಾದದ್ದು ನಡುವಿನ ಈ ಒಂಬತ್ತು ಗಂಟೆಗಳಲ್ಲಿ.

ದರ್ಜಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಸೂಜಿಯ ಕಣ್ಣು ಈಗೀಗ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ. ಅಂಗಡಿ ಮಾರಿ, ಊಟವಾದ ಮೇಲೆ ಒಂದು ಚಾಪೆ ಹಾಸಿಕೊಂಡು ನಿದ್ದೆ ಮಾಡಬೇಕು, ಅಷ್ಟೇ. ಮೂವತ್ತೆರಡು ವರ್ಷಗಳಲ್ಲಿ ಅವನು ಒಂದು ಮಧ್ಯಾಹ್ನವೂ ಮಲಗಿದವನಲ್ಲ.

ಭಾವಮೈದುನನೋ, ಸ್ವತಃ ಒಂದು ಗೂಡಂಗಡಿಯನ್ನೂ ನಡೆಸಿದವನಲ್ಲ. ಆದರೆ ಸಣ್ಣ ವ್ಯಾಪಾರದ ಬೆಲೆ ಹೆಚ್ಚಿಸುವ ಬಗ್ಗೆ ಮೂರು ದಿನದ ತರಬೇತಿ ಪಡೆದು ಬಂದಿದ್ದ. ಈಜು ಬಾರದವನು ದಡದಲ್ಲಿ ನಿಂತು ಕೈಕಾಲು ಆಡಿಸುವುದನ್ನು ಕಲಿಸುವ ಹಾಗೆ ಅಂಗಡಿಯ ನಡುವೆ ನಿಂತ.

"ಭಾವ, ಇಲ್ಲಿ ಮಾರೋಕೆ ಏನಿದೆ ಹೇಳಿ?"

"ಎರಡು ಮಿಷನ್ನು, ಇಸ್ತ್ರಿಪೆಟ್ಟಿಗೆ, ಕತ್ತರಿ..."

"ಅದೆಲ್ಲ ಗುಜರಿ. ಗಿರಾಕಿಗಳ ಅಳತೆ ಎಲ್ಲಿ?"

ದರ್ಜಿ ತನ್ನ ತಲೆ ಮುಟ್ಟಿ ತೋರಿಸಿದ.

"ಕೊಳ್ಳೋರು ನಿಮ್ಮ ತಲೆ ಕತ್ತರಿಸ್ಕೊಂಡು ಹೋಗೋಕಾಗುತ್ತಾ? ನೀವಿಲ್ಲದಿದ್ರೂ ನಡೀಬೇಕು, ಆಗಲೇ ಅಂಗಡಿಗೆ ಬೆಲೆ. ತಲೇಲಿರೋದೆಲ್ಲ ಪುಸ್ತಕಕ್ಕೆ ಇಳೀಲಿ. ಒಂದೂ ಬಿಡಬಾರ್ದು!"

ದರ್ಜಿ ಕಣ್ಣುಮುಚ್ಚಿ ಹೇಳತೊಡಗಿದ. ಹೆಂಡತಿ ಮುತ್ತಿನಂಥ ಅಕ್ಷರಗಳಲ್ಲಿ ಬರೆಯತೊಡಗಿದಳು. ಔಷಧಿ ಅಂಗಡಿಯವರ ಸರದಿ ಬಂದಾಗ ಅವಳ ಪೆನ್ನು ನಿಂತಿತು.

"ರೀ, ಅವರ ಸೊಂಟ ಮೂವತ್ತಾರು ಅಂತ ನೀವೇ ಕೂಗ್ತೀರಲ್ಲ?"

"ಕೂಗೋದು ಮೂವತ್ತಾರು ಕಣೇ. ಕತ್ತರಿಸೋದು ನಲವತ್ತೊಂದು."

ಅವನ ಕಸುಬಿನ ತಿರುಳೇ ಅದಾಗಿತ್ತು. ಟೇಪು ಸುತ್ತಿ ಒಂದು ಸಂಖ್ಯೆ ಕೂಗುವುದು, ಬಟ್ಟೆಗೆ ಇನ್ನೊಂದು ಸಂಖ್ಯೆಯಲ್ಲಿ ಕತ್ತರಿ ಹಾಕುವುದು. ಹೊಟ್ಟೆ ಎಳೆದುಕೊಂಡು ನಿಂತ ಗಿರಾಕಿ ಉಸಿರು ಬಿಟ್ಟು ಹಿಗ್ಗಿಹೋಗುತ್ತಿದ್ದ.

"ಇದನ್ನೂ ಬರೀಬೇಕೇನೋ?" ಎಂದು ಅವಳು ತಮ್ಮನನ್ನು ಕೇಳಿದಳು.

"ಅದನ್ನೇ ಮೊದ್ಲು ಬರಿ ಅಕ್ಕಾ!"

ನಾಲ್ಕು ಗಂಟೆಯ ಹೊತ್ತಿಗೆ ಇಡೀ ಬೀದಿಯೇ ಪುಸ್ತಕದೊಳಗಿತ್ತು, ತಲೆಗೊಂದು ಪುಟದಂತೆ.

"ಈಗ ಪರೀಕ್ಷೆ. ಭಾವ, ನೀವು ಪರದೆ ಹಿಂದೆ ಕೂತ್ಕೊಳ್ಳಿ. ನೀವಿಲ್ದೆ ನಡೆಯುತ್ತಾ ನೋಡೇಬಿಡೋಣ."

ದರ್ಜಿ ಪರದೆಯ ಹಿಂದೆ ಸ್ಟೂಲಿನ ಮೇಲೆ ಕುಳಿತ. ಗೋಡೆಗೆ ಒರಗಿದ. ಒಂದೇ ನಿಮಿಷದಲ್ಲಿ ಗೊರಕೆ. ಅಷ್ಟರಲ್ಲಿ ಬಂದವರು ಔಷಧಿ ಅಂಗಡಿಯವರೇ.

"ಟೈಲರ್ ಎಲ್ಲಪ್ಪಾ? ಒಂದು ಪ್ಯಾಂಟು ಹೊಲಿಸ್ಬೇಕಿತ್ತು."

"ಇನ್ಮುಂದೆ ಅವರ ಅಗತ್ಯಾನೇ ಇಲ್ಲ ಸಾರ್," ಎಂದು ಭಾವಮೈದುನ ಪುಟ ತೆರೆದು, ಶಾಲೆಯ ಹುಡುಗ ಪಾಠ ಒಪ್ಪಿಸುವಂತೆ ಗಟ್ಟಿಯಾಗಿ ಓದಿದ. "ಸೊಂಟ ನಲವತ್ತೊಂದು. ಮೂವತ್ತಾರು ಎಂದು ಹೇಳಬೇಕು." ಆಮೇಲೆ ತಲೆಯೆತ್ತಿ ವಿನಯದಿಂದ, "ಸಾರ್, ಮೂವತ್ತಾರು," ಎಂದ.

ಪಕ್ಕದ ಕ್ಷೌರದಂಗಡಿಯಿಂದ ಹೋ ಎಂಬ ನಗು ಕೇಳಿತು. ಕ್ಷೌರಿಕ ಬ್ರಷ್ಷು ಹಿಡಿದೇ ಓಡಿಬಂದ. ಅವನ ಹಿಂದೆ ಅರ್ಧ ಗಡ್ಡ ಹೆರೆಸಿಕೊಂಡ ಹೆಡ್ಮೇಷ್ಟ್ರು.

"ನಲವತ್ತೊಂದಾ! ಅಯ್ಯಯ್ಯೋ! ಎಲ್ಲಿ, ನಂದೇನಿದೆ ಓದ್ರಿ," ಎಂದ ಕ್ಷೌರಿಕ.

"ಕಾಲು ಗಿಡ್ಡ. ಈ ಸಲ ಎತ್ತರ ಕಾಣ್ತಿದ್ದೀರಿ ಎಂದು ಪ್ರತಿ ಸಲವೂ ಹೇಳಬೇಕು."

ಕ್ಷೌರಿಕ ನಗು ನಿಲ್ಲಿಸಿ ತನ್ನ ಕಾಲು ನೋಡಿಕೊಂಡ.

"ನಂದು ಮಾತ್ರ ಓದ್ಬೇಡಿ," ಎಂದು ಹೆಡ್ಮೇಷ್ಟ್ರು ಕೈಮುಗಿದರು. ಹಾಗಾಗಿ ಎಲ್ಲರೂ ಸೇರಿ ಓದಿದರು. ಎಡ ಭುಜ ಇಳಿದಿದೆ, ಸದ್ದಿಲ್ಲದೆ ಹತ್ತಿ ತುಂಬಬೇಕು.

ಅರ್ಧ ಗಂಟೆಯಲ್ಲಿ ಬೀದಿಗೆ ಬೀದಿಯೇ ಅಂಗಡಿಯೊಳಗಿತ್ತು. ಪ್ರತಿಯೊಬ್ಬನಿಗೂ ತನ್ನ ಪುಟ ಮುಚ್ಚಿರಬೇಕು, ಉಳಿದವರದ್ದು ತೆರೆಯಬೇಕು. ದರ್ಜಿಯನ್ನು ನಿದ್ದೆಯಿಂದ ಎಬ್ಬಿಸಿ ಎಳೆದು ತಂದರು.

"ಇಷ್ಟು ವರ್ಷ ಸುಳ್ಳು ಹೇಳಿದ್ರಲ್ಲ ಟೈಲರೇ!"

"ಬಟ್ಟೆ ಸರಿಯಾಗಿ ಕೂತಿತ್ತಲ್ಲ ಸಾರ್..." ಎಂದು ದರ್ಜಿ ಕಣ್ಣುಜ್ಜಿಕೊಂಡ.

ಸರಿಯಾಗಿ ಐದಕ್ಕೆ ಕೊಳ್ಳುವವರು ಬಂದರು. ಪಕ್ಕದ ಊರಿನ ಸಿದ್ಧ ಉಡುಪಿನ ಅಂಗಡಿಯ ಮಾಲೀಕರು. ಕೋಟಿನ ಗುಂಡಿಗಳು ಪ್ರಾಣ ಹಿಡಿದುಕೊಂಡು ನಿಂತಿದ್ದವು. ಅಂಗಡಿ ತುಂಬ ಜನರನ್ನು ಕಂಡು ಅವರ ಮುಖ ಅರಳಿತು. ಭಾವಮೈದುನ ಪುಸ್ತಕ ಒಪ್ಪಿಸಿದ. ಅವರು ಒಂದು ಪುಟ ಓದಿದರು, ಎರಡು ಓದಿದರು, ಮೀಸೆಯಲ್ಲೇ ನಕ್ಕರು.

"ಭೇಷ್! ಇದೊಂದಿದ್ರೆ ನಾಳೆಯಿಂದ್ಲೇ ಯಾರು ಬೇಕಾದ್ರೂ ನಡೆಸ್ಬಹುದು. ಪುಸ್ತಕ ಸಮೇತ ತಗೋತೀನಿ."

ದರ್ಜಿಯ ಕಣ್ಣಮುಂದೆ ಚಾಪೆ ತಾನಾಗಿಯೇ ಬಿಚ್ಚಿಕೊಂಡಿತು.

"ಯಾರು ಬೇಕಾದ್ರೂನಾ?" ಎಂದರು ಹೆಡ್ಮೇಷ್ಟ್ರು ಭುಜ ಹಿಡಿದುಕೊಂಡು. "ನಮ್ಮ ಹತ್ತಿ ಕಂಡಕಂಡವರ ಕೈಗಾ?"

ಔಷಧಿ ಅಂಗಡಿಯವರು ಪುಸ್ತಕ ಕಸಿದೇಬಿಟ್ಟರು. ಅದು ಕೈಯಿಂದ ಕೈಗೆ ಹಾರಿತು. ಅವರವರು ಅವರವರ ಪುಟ ಹರಿದು ಜೇಬಿಗಿಳಿಸಿದರು. ಕೊನೆಗೆ ದರ್ಜಿಯ ಕೈಗೆ ಬಂದದ್ದು ಎರಡು ರಟ್ಟು.

"ನಮ್ಮ ಗುಟ್ಟು ನಿಮ್ಮ ತಲೇಲೇ ಇರ್ಲಿ ಟೈಲರೇ," ಎಂದ ಕ್ಷೌರಿಕ. "ಅಂಗಡಿ ಮಾರೋ ಮಾತೆತ್ತಿದ್ರೆ ನೋಡಿ ಮತ್ತೆ!"

ಜನ ಚದುರಿದರು. ಮಾಡಿದ್ದೆಲ್ಲ ಮಾಡಿ ಭಾವಮೈದುನನೂ ಮೆಲ್ಲಗೆ ಜಾಗ ಖಾಲಿ ಮಾಡಿದ. ಮಾಲೀಕರು ಮಾತ್ರ ಕದಲಲಿಲ್ಲ.

"ಸಾರ್, ಮಿಷನ್‌ಗಳನ್ನಾದ್ರೂ ತಗೊಳ್ಳಿ..." ದರ್ಜಿ ಅಂಗಲಾಚಿದ.

ಅವರು ಬಾಗಿಲು ಮುಂದಕ್ಕೆಳೆದು, ಅತ್ತಿತ್ತ ನೋಡಿ, ಕೋಟಿನ ಗುಂಡಿ ಬಿಚ್ಚಿದರು. ಹೊಟ್ಟೆ ಬಂಧನದಿಂದ ಬಿಡುಗಡೆಯಾಗಿ ಹೊರಗೆ ಬಂದು ನಿಂತಿತು.

"ಅಂಗಡಿ ಕೊಂಡ್ರೆ ನೀವು ಹೊರಟುಹೋಗ್ತೀರಿ. ಆಗ ನನ್ನ ಗತಿ? ಸಿದ್ಧ ಉಡುಪಲ್ಲೇ ಕೂದಲು ಹಣ್ಣಾಯ್ತು ಕಣ್ರೀ. ಅದರ ಒಳಗಿನ ಅಳತೆ ಚೀಟೀಲಿ ನಿಜಾನೇ ಅಚ್ಚು ಹಾಕಿರ್ತಾರೆ, ಒಂದು ದಯೆ ದಾಕ್ಷಿಣ್ಯ ಇಲ್ಲ." ಅವರು ದನಿ ತಗ್ಗಿಸಿದರು. "ನಂಗೆ ಆರು ಜೊತೆ ಹೊಲೀರಿ. ತಮ್ಮಂದಿರು ನಾಲ್ಕು ಜನ ಇದ್ದಾರೆ, ಎಲ್ಲಾ ನನ್ನ ಹಾಗೇ. ನಾಳೆಯಿಂದ ದಿನಕ್ಕೊಬ್ಬರನ್ನ ಕರ್ಕೊಂಡು ಬರ್ತೀನಿ. ನಮಗೆ ಬಿಡುವಾಗೋದು ಊಟ ಆದ್ಮೇಲೇನೇ. ಎರಡು ಗಂಟೆಗೆ ನೀವಿರ್ತೀರಲ್ಲ?"