ನಾಲ್ಕನೆಯ ಮೈಕು

ನನ್ನ ಕಿವಿ ಬಹಳ ಸೂಕ್ಷ್ಮ ಎಂದು ನಾನು ಎಷ್ಟೋ ವರ್ಷಗಳಿಂದ ನಂಬಿದ್ದೆ. ಕಣ್ಣು ಮಂಜಾದರೆ ಕನ್ನಡಕದ ಅಂಗಡಿಯವನು ಅಕ್ಷರದ ಬೋರ್ಡು ತೋರಿಸಿ ಮರ್ಯಾದೆ ತೆಗೆಯುತ್ತಾನೆ. ಕಿವಿಗೆ ಆ ಕಾಟವಿಲ್ಲ. ತಲೆಯನ್ನು ಸ್ವಲ್ಪ ವಾಲಿಸಿ, ಕಣ್ಣು ಅರೆಮುಚ್ಚಿ, "ಶ್ರುತಿ ಕೂಡ್ಲಿಲ್ಲ" ಎಂದರೆ ಸಾಕು, ಎದುರಿಗಿದ್ದವರು ಹೆದರುತ್ತಾರೆ. ಚಿಂತಾಮಣಿಯ ನಮ್ಮ ಕಚೇರಿಯಲ್ಲಿ ಫ್ಯಾನು ಕಿರುಗುಟ್ಟಿದರೂ ಅದು ಯಾವ ಸ್ವರ ಎಂದು ಹೇಳುತ್ತಿದ್ದವನು ನಾನು. ಯಾರೂ ಕೇಳಿರಲಿಲ್ಲ ಎನ್ನುವುದು ಬೇರೆ ಮಾತು.

ಕೆಂಚಾರ್ಲಹಳ್ಳಿಯ ನಮ್ಮ ಮನೆಯಲ್ಲಿ ಶನಿವಾರ ಸಂಜೆ ಭಜನೆ. ಹೆಂಡತಿ ಸುನಂದ ಹಾಡುತ್ತಾಳೆ, ನನ್ನದು ಹಾರ್ಮೋನಿಯಂ, ತಬಲ ಅವಳ ತಮ್ಮ ಮಂಜುನಾಥನದು. ಅವನು ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಗೌರಿಬಿದನೂರಿನಿಂದ ಬಸ್ಸು ಹತ್ತಿ ಬರುತ್ತಾನೆ. ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದು ನೆಂಟರ ಗ್ರೂಪಿಗೆ ಹಾಕಿದರೆ "ಹಾರ್ಮೋನಿಯಂ ಸೂಪರ್" ಎಂದು ಉತ್ತರ ಬರುತ್ತಿತ್ತು. ಮೊಬೈಲನ್ನು ನಾನು ಹಾರ್ಮೋನಿಯಂ ಮೇಲೆಯೇ ಇಡುತ್ತಿದ್ದೆ. ಒಂದು ದಿನ ಸುನಂದ, "ಹದಿನೆಂಟು ವರ್ಷದಿಂದ ಹಾಡ್ತಾ ಇದ್ದೀನಿ ಕಣ್ರೀ. ನನ್ ದನಿ ಹೆಂಗಿದೆ ಅಂತ ನಂಗೇ ಗೊತ್ತಿಲ್ಲ. ಒಂದ್ಸಲ ಕೇಳ್ಬೇಕು" ಎಂದಳು. ಕೋಪದಿಂದ ಹೇಳಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಸೊಪ್ಪು ಸೋಸುತ್ತ ತಣ್ಣಗೆ ಹೇಳಿದಳು. ನನಗೆ ನಾಚಿಕೆಯಾಯಿತು.

ಮಂಜುನಾಥನಿಗೆ ಫೋನು ಮಾಡಿದೆ. "ಆಡಿಯೋ ಇಂಟರ್‌ಫೇಸ್ ಅಂತ ಒಂದು ಪೆಟ್ಗೆ ಬರ್ತದೆ ಭಾವ. ಮೈಕೆಲ್ಲಾ ಅದಕ್ಕೆ ಚುಚ್ಚಿ ಲ್ಯಾಪ್‌ಟಾಪಿಗೆ ಕೊಟ್ರೆ ಒಬ್ಬೊಬ್ರುದೂ ಬೇರೆ ಬೇರೆ ಟ್ರ್ಯಾಕು. ಬೇಡದ್ದು ಆಮೇಲೆ ಮ್ಯೂಟ್ ಮಾಡ್ಬೋದು" ಎಂದ. ಎರಡು ಮೈಕಿನದು ಅಗ್ಗ, ನಾಲ್ಕರದು ತುಟ್ಟಿ, ಎಂಟರದು ನಮ್ಮ ಯೋಗ್ಯತೆಗೆ ಮೀರಿದ್ದು. ಎರಡು ಸಾಕು ಎಂದೆ. "ತಬಲಕ್ಕೇ ಎಡಕ್ಕೊಂದು ಬಲಕ್ಕೊಂದು ಬೇಕು. ನೀವೂ ಅಕ್ಕನೂ ಎಲ್ಲಿಗೋಗ್ತೀರ?" ಎಂದು ಕೇಳಿದ. ಹಾಗಾಗಿ ನಾಲ್ಕು. ಅದರಲ್ಲಿ ಯಾವುದು ಎಂದು ತಿಳಿಯಲು ಒಂದು ತಿಂಗಳು ವೀಡಿಯೊ ನೋಡಿದೆ. ಅಗ್ಗದ ಪೆಟ್ಟಿಗೆಗಳಲ್ಲಿ ಹಿಂದಿನಿಂದ 'ಸ್ಸ್' ಎನ್ನುವ ಸದ್ದು ಇರುತ್ತದಂತೆ, ಅದನ್ನು ಹಿಡಿಯಲು ಸೂಕ್ಷ್ಮವಾದ ಕಿವಿ ಬೇಕಂತೆ. ಅವರು ನನ್ನನ್ನೇ ಹುಡುಕುತ್ತಿದ್ದಂತೆ ಕಂಡಿತು.

ಮನೆಯಲ್ಲಿ ಸದ್ದೇ ಇಲ್ಲದ ಜಾಗವೆಂದರೆ ರೇಷ್ಮೆ ಹುಳದ ಮನೆಯ ಪಕ್ಕದ ಕೋಣೆ. ಹುಳ ಇರುವ ಕಡೆ ಹೊರಗಿನವರು ಸುಳಿಯುವುದಿಲ್ಲ. ಎರಡಕ್ಕೂ ನಡುವೆ ಒಂದು ಜಾಲರಿ ಕಿಟಕಿ ಮಾತ್ರ. ಭಾನುವಾರ, ನಾಲ್ಕು ಮೈಕಿನವುಗಳಲ್ಲೇ ಅಗ್ಗದ ಪೆಟ್ಟಿಗೆ ಬಂತು. ಅಲ್ಲೇ ಮೈಕು ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಅರೆಮುಚ್ಚಿದೆ. 'ಸ್ಸ್' ಎಂದಿತು. ಸಿಕ್ಕಿಬಿದ್ದೆಯಾ ಎಂದು ಖುಷಿಯಾಗಿ, 'ದೋಷವಿದೆ' ಎಂದು ಗುರುತು ಹಾಕಿ ವಾಪಸು ಕಳಿಸಿದೆ. ಗುರುವಾರ ಅದಕ್ಕಿಂತ ತುಟ್ಟಿಯದು ಬಂತು. ಕೇಳಿದೆ. ನಿಶ್ಶಬ್ದ. ಸುನಂದಳಿಗೂ ಕೇಳಿಸಿ, "ದುಡ್ಡಿಗೆ ತಕ್ಕ ಮಾಲು ಅಂದ್ರೆ ಇದು" ಎಂದೆ. ಐದು ನಕ್ಷತ್ರ ಕೊಟ್ಟು, ಪೆಟ್ಟಿಗೆಯ ಮೌನದ ಬಗ್ಗೆ ಒಂದು ಪುಟ ಬರೆದೆ.

ಶನಿವಾರ ಮೂವರೂ ಅದೇ ಕೋಣೆಯಲ್ಲಿ ಕೂತು ಒಂದು ಹಾಡು ಮುಗಿಸಿದೆವು. ತಿರುಗಿಸಿ ಹಾಕಿದರೆ ಉದ್ದಕ್ಕೂ 'ಸ್ಸ್', ಮೊದಲಿಗಿಂತ ಜೋರು. ಇದೂ ಹಾಳು ಎಂದು ನಾನು ರಟ್ಟಿನ ಡಬ್ಬ ಹುಡುಕತೊಡಗಿದೆ. ಸುನಂದ ಹೆಡ್‌ಫೋನ್ ತೆಗೆದಿಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತು, "ಹುಳ ಮೇಯ್ತಾ ಇದೆ ಕಣ್ರೀ. ನಿನ್ನೆ ತಾನೆ ನಾಲ್ಕನೇ ಜ್ವರ ಎದ್ದಿಲ್ವಾ?" ಎಂದಳು.

ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳ ಮೇವು ನಿಲ್ಲಿಸಿ ತಲೆಯೆತ್ತಿಕೊಂಡು ಅಲ್ಲಾಡದೆ ಇರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂತಿದೆ ಎನ್ನುತ್ತಾರೆ; ಮತ್ತೆ ಮೇವಿಗೆ ಬಿದ್ದರೆ ಜ್ವರ ಎದ್ದಿತು ಎನ್ನುತ್ತಾರೆ. ಗುರುವಾರ ಕೂತಿತ್ತು. ಭಾನುವಾರ ಮೇಯುತ್ತಿತ್ತು. ಸಾವಿರಾರು ಬಾಯಿ ಸೊಪ್ಪು ಕಡಿಯುವ ಆ ಸದ್ದನ್ನು ತೊಟ್ಟಿಲಿನಿಂದ ಕೇಳಿ ಬೆಳೆದವನು ನಾನು, ಆದ್ದರಿಂದ ಬರಿಯ ಕಿವಿಗೆ ಅದು ನನಗೆ ಕೇಳಿಸಿಯೇ ಇರಲಿಲ್ಲ.

ಮಂಜುನಾಥ ನಗು ತಡೆದುಕೊಂಡು, "ಪೋನೀ, ಹೋಗ್ಲಿ ಬಿಡಿ ಭಾವ, ಒಂದೊಂದೇ ಮ್ಯೂಟ್ ಮಾಡಿ ಕೇಳಣ" ಎಂದು ಮೊದಲು ಹಾರ್ಮೋನಿಯಂ ನಿಲ್ಲಿಸಿದ. ಬೇರೆ ಮೈಕುಗಳಿಗೆ ಬಿದ್ದಷ್ಟೇ ಉಳಿದು, ಅದು ಪಕ್ಕದ ಮನೆಯಲ್ಲಿ ಯಾರೋ ನುಡಿಸಿದಷ್ಟು ದೂರ ಸರಿಯಿತು. ಸುನಂದಳ ದನಿ ಒಂಟಿಯಾಗಿ ಎದ್ದು ಬಂತು. ಅಷ್ಟು ಚೆನ್ನಾಗಿದೆ ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವಳು ಸೆರಗಿನ ತುದಿ ಹಿಡಿದುಕೊಂಡು, ಬೇರೆ ಯಾರದೋ ಹಾಡು ಕೇಳುವವಳಂತೆ ಕೇಳಿದಳು. ಆದರೆ ಪ್ರತಿ ಚರಣದ ಕೊನೆಯಲ್ಲೂ ಸುಮ್ಮಸುಮ್ಮನೆ ಒಂದು ಎಳೆತ. ಸೂಕ್ಷ್ಮ ಕಿವಿ ಬಿಡಬೇಕಲ್ಲ? "ಇಲ್ಲಿ ಯಾಕೆ ಎಳೀತೀಯ?" ಎಂದೆ.

"ನೀವು ಬಂದು ಸೇರ್ಕೊಳ್ಳಿ ಅಂತ ಕಾಯ್ತಾ ಇರ್ತೀನಿ" ಎಂದಳು.

ಮಂಜುನಾಥ ತಬಲದ ಸುತ್ತಿಗೆ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

ಹಾರ್ಮೋನಿಯಂ ಮ್ಯೂಟಾಗಿದ್ದ ಹಾಡೇ ಗ್ರೂಪಿಗೆ ಹೋಯಿತು. ಎಂಥ ದನಿ, ಎಂಥ ದನಿ ಎಂದು ಎಲ್ಲರೂ ಬರೆದರು. ಶಿಡ್ಲಘಟ್ಟದ ಅತ್ತೆ ಮಾತ್ರ, "ನಿಮ್ಮೂರಲ್ಲಿ ಮಳೆನಾ? ಹಾಡಿನ ಹಿಂದೆ ಎಷ್ಟು ಚೆನ್ನಾಗಿ ಕೇಳಿಸ್ತದೆ" ಎಂದರು. ಶ್ರುತಿಗಾದರೂ ಹಾರ್ಮೋನಿಯಂ ಬೇಡವೇ ಎಂದು ನಾನು ವಾದಿಸಿದೆ. ಅಕ್ಕ ತಮ್ಮ ಇಬ್ಬರೂ ಬೇಕು ಎಂದೇ ಒಪ್ಪಿಕೊಂಡರು. ಈಗ ನಾನು ಕೋಣೆಯಿಂದಾಚೆ ಪಡಸಾಲೆಯಲ್ಲಿ ಕೂತು ನುಡಿಸುತ್ತೇನೆ. ತಬಲಕ್ಕೆ ಎರಡು ಮೈಕು, ಸುನಂದಳಿಗೆ ಒಂದು. ನಾಲ್ಕನೆಯದನ್ನು ಅವಳು ಜಾಲರಿ ಕಿಟಕಿಯ ಕಡೆಗೆ, ಹುಳಗಳಿಗೆ ತಿರುಗಿಸಿಟ್ಟಿದ್ದಾಳೆ.