ಉಗುರಿಗೆ ಹಚ್ಚೋ ಎಣ್ಣೇಲಿ ಏನೇನಿದೆ?

ಉಗುರಿನ ಸುತ್ತ ಒಂದು ತೊಟ್ಟು ಎಣ್ಣೆ ಹಚ್ಚಿ ತಿಕ್ಕುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತೆ ಅಂತ ನೀವು ಕೇಳಬಹುದು. ಈ ಕೆಲಸಕ್ಕೆ ಸೇರುವ ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಎರಡೂ ಕೈ ನಮ್ಮ ವಶದಲ್ಲಿದ್ದಾಗ ಜನಕ್ಕೆ ಫೋನ್ ಹಿಡಿಯೋಕಾಗಲ್ಲ. ಬಾಯಿ ಮಾತ್ರ ಬಿಡುವಾಗಿರುತ್ತೆ. ಹಾಗಾಗಿ ವಾರಕ್ಕೆ ಒಂದಾದರೂ ಪ್ರಸಂಗ ಆಗಿಯೇ ತೀರುತ್ತೆ.

ನಮ್ಮದು ಆರ್.ಟಿ. ನಗರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿರುವ ಪುಟ್ಟ ನೇಲ್ ಪಾರ್ಲರ್. ಮೂರು ಕುರ್ಚಿ, ಒಂದು ಫ್ಯಾನು, ಒಬ್ಬರು ಮೇಡಂ, ಮತ್ತು ನಾನು. ಮೇಡಂ ನನ್ನನ್ನು ತಗೊಂಡಿದ್ದು ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ಅನ್ನೋ ಒಂದೇ ಕಾರಣಕ್ಕೆ. ಈಗಿನ ಕಸ್ಟಮರ್‌ಗಳು ಬಾಟಲಿ ತಿರುಗಿಸಿ ಇದರಲ್ಲಿ ಏನೇನಿದೆ ಅಂತ ಕೇಳುತ್ತಾರೆ, ಓದಿ ಹೇಳೋಕೆ ಒಬ್ಬರು ಬೇಕು. ಬಾಟಲಿಯ ಹಿಂದೆ ಇರೋದು ಅರ್ಧಕ್ಕರ್ಧ ಲ್ಯಾಟಿನ್ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೆ ಹೊಸಬರ ಹತ್ತಿರ ಮಾತೇ ಹೊರಡಲ್ಲ ಅಂತಲೂ ಗೊತ್ತಿರಲಿಲ್ಲ.

ಎರಡೂ ಗೊತ್ತಾದ ಮೇಲೆ, ಈ ತಿಂಗಳ ಕೊನೆವರೆಗೆ ನೋಡ್ತೀನಿ ಅಂದರು. ಅಷ್ಟರಲ್ಲಿ ಬಾಯಿಬಿಟ್ಟು ನಾಲ್ಕು ಮಾತು ಆಡದಿದ್ದರೆ ಬೇರೆ ಹುಡುಗಿಯನ್ನು ಹುಡುಕಿಕೊಳ್ಳುತ್ತಾರಂತೆ. ನನಗೆ ಈ ಕೆಲಸ ಬೇಕಿತ್ತು. ಸುಮ್ಮನೆ ಇನ್ನೊಬ್ಬರ ಕೈ ಹಿಡಿದುಕೊಂಡು ಇಡೀ ದಿನ ಕೂರಬಹುದಾದ ಕೆಲಸ ನನ್ನಂಥವಳಿಗೆ ಬೇರೆಲ್ಲಿ ಸಿಗುತ್ತೆ?

ಗಾಡಿ ಚಕ್ರ

ಮೊದಲ ವಾರ ಯಲಹಂಕ ಕಡೆಯ ಒಬ್ಬ ಅಮ್ಮ ಬಂದರು. ಹಳೇ ಊರಿನವರು. ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಮೂರು ಅಪಾರ್ಟ್‌ಮೆಂಟು ಎದ್ದಿವೆ. ಮಗಳಿಗೆ ನಿಶ್ಚಿತಾರ್ಥ ಅಂತ ಉಗುರು ಮಾಡಿಸೋಕೆ ಕರೆದುಕೊಂಡು ಬಂದಿದ್ದರು. ಮಗಳ ಬೆರಳಿಗೆ ಎಣ್ಣೆ ಹಚ್ಚುವಾಗ ಅದೇನು ಅಂತ ಕೇಳಿದರು. ನಾನು ತಲೆ ತಗ್ಗಿಸಿಕೊಂಡೇ ಬಾಟಲಿಯ ಮೇಲೆ ಇದ್ದಿದ್ದನ್ನು ಇದ್ದ ಹಾಗೆ ಓದಿದೆ: ರಿಸಿನಸ್ ಕಮ್ಯುನಿಸ್ ಸೀಡ್ ಆಯಿಲ್.

ಮಗಳು ಹೆಮ್ಮೆಯಿಂದ ಅಮ್ಮನ ಮುಖ ನೋಡಿದಳು. ಫಾರಿನ್ನಿದಾ ಅಂತ ಅಮ್ಮ ಕೇಳಿದರು. ಹಿಂದಿನ ದಿನವಷ್ಟೇ ನಾನು ಒಂದೊಂದೇ ಹೆಸರನ್ನು ಫೋನಿನಲ್ಲಿ ಹುಡುಕಿ ಬರೆದುಕೊಂಡಿದ್ದೆ. ಹಾಗಾಗಿ ಮೆಲ್ಲಗೆ, ಇಲ್ಲ ಅಮ್ಮ, ಹರಳೆಣ್ಣೆ ಅಂದೆ.

ಅಮ್ಮ ಬಾಟಲಿ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. "ಅರಳೆಣ್ಣೆನಾ? ಇದನ್ನ ನಮ್ಮಪ್ಪ ಎತ್ತಿನ್ ಗಾಡಿ ಕೀಲಿಗೆ ಆಕ್ತಿದ್ದ ಕಣವ್ವ."

ಮಗಳು ಕಣ್ಣಲ್ಲೇ ಸುಮ್ಮನಿರು ಅಂದಳು. ಅವಳು ಆ ಕುರ್ಚಿಯಲ್ಲಿ ಕೂತು ಒಂದೂವರೆ ಗಂಟೆಯಾಗಿತ್ತು. ಅಮ್ಮ ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಮಗಳನ್ನು ನೋಡಿದರು.

"ಚಕ್ರನೂ ಇಷ್ಟೊತ್ತು ಕೂತ್ಕೊಂಡು ಆಕುಸ್ಕೊಂತಿರ್ಲಿಲ್ಲ."

ಗೇಟಿನ ಮೇಲಿನ ಫೋಟೊ

ಕೆಂಪಾಪುರದಿಂದ ಬರುವ ಒಬ್ಬರು ಸ್ಕೂಲ್ ಟೀಚರ್ ಇದ್ದಾರೆ. ಅವರು ಒಂದು ದಿನ ತಮ್ಮದೇ ಬಾಟಲಿ ತಂದು, ಇದು ಹೇಗಿದೆ ನೋಡಮ್ಮ ಅಂತ ನನ್ನ ಮುಂದೆ ಇಟ್ಟರು. ಹೊರಗಡೆ ಮೊರಾಕೊ ದೇಶದ ಆರ್ಗನ್ ಅನ್ನೋ ಮರದ ಕಾಯಿಯ ದೊಡ್ಡ ಬಣ್ಣದ ಚಿತ್ರ. ಒಳಗೆಲ್ಲ ಆರ್ಗನ್ ಎಣ್ಣೆಯೇ ಅಂತ ನಂಬಿ ತಗೊಂಡಿದ್ದರು.

ನಾನು ಹಿಂದಿನ ಲೇಬಲ್ ತೋರಿಸಿ, ಯಾವುದು ಜಾಸ್ತಿ ಇರುತ್ತೋ ಅದನ್ನು ಮೊದಲು ಬರೆದಿರುತ್ತಾರೆ, ಕಡಿಮೆ ಇರೋದು ಕೊನೆಗೆ ಬರುತ್ತೆ ಅಂತ ಹೇಳಿದೆ. ಅಷ್ಟು ಉದ್ದದ ವಾಕ್ಯ ಹೇಳಿ ನನಗೇ ಸುಸ್ತಾಯಿತು. ಅವರಿಗೆ ತಕ್ಷಣ ಅರ್ಥವಾಯಿತು.

"ಹಾಗಾದ್ರೆ ಇದು ರ‍್ಯಾಂಕ್ ಲಿಸ್ಟು. ಫಸ್ಟ್ ಯಾರು?"

ಸೂರ್ಯಕಾಂತಿ ಎಣ್ಣೆ ಅಂದೆ. ಎರಡನೆಯದು ಮಿನರಲ್ ಆಯಿಲ್. ಆಮೇಲೆ ವಿಟಮಿನ್ ಇ, ಸುವಾಸನೆಗೆ ಹಾಕೋದು, ಬಣ್ಣ. ನಮ್ಮ ಆರ್ಗನ್ ಎಲ್ಲಿ ಅಂತ ಅವರು ಕೇಳಿದಾಗ, ಕೊನೇದು ಮಿಸ್ ಅಂತ ಬಾಯಿತಪ್ಪಿ ಬಂತು. ಏಳನೇ ಕ್ಲಾಸಿಗೆ ಹೋಗಿ ನಿಂತ ಹಾಗಾಯಿತು.

ಟೀಚರ್ ಬಾಟಲಿಯ ಮುಂದಿನ ಚಿತ್ರವನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದರು. "ಇಷ್ಟು ವರ್ಷ ಪಾಠ ಮಾಡಿದೀನಿ. ಕೊನೇ ಬೆಂಚಲ್ಲಿ ಕೂತವನ ಫೋಟೊನ ಸ್ಕೂಲ್ ಗೇಟಿಗೆ ಹಾಕಿರೋದನ್ನ ಇವತ್ತೇ ನೋಡಿದ್ದು."

ಬೋರ್ಡು

ಇಷ್ಟಾದ ಮೇಲೆ ನನಗೊಂದು ಉಪಾಯ ಹೊಳೆಯಿತು. ಎಣ್ಣೆಯಲ್ಲಿ ಏನೇನಿದೆ ಅನ್ನೋದನ್ನು ಕನ್ನಡದಲ್ಲಿ ಬರೆದು ಗೋಡೆಗೆ ತಗಲಿ ಹಾಕಿಬಿಟ್ಟರೆ ಯಾರೂ ನನ್ನನ್ನು ಕೇಳೋ ಹಾಗೇ ಇಲ್ಲವಲ್ಲ. ಒಂದು ಭಾನುವಾರ ಕೂತು, ನಾಲ್ಕು ಸಲ ತಪ್ಪಿ, ದುಂಡಗೆ ಬರೆದೆ: ಹರಳೆಣ್ಣೆ, ಬಾದಾಮಿ ಎಣ್ಣೆ, ಎಳ್ಳೆಣ್ಣೆ, ವಿಟಮಿನ್ ಇ. ಮೇಡಂ ಊರಲ್ಲಿ ಇರಲಿಲ್ಲ. ಹಾಕಿಯೂ ಬಿಟ್ಟೆ.

ಮೂರು ದಿನ ಯಾರೂ ಏನೂ ಕೇಳಲಿಲ್ಲ. ನಾವು ಮಾರೋಕೆ ಇಟ್ಟಿದ್ದ ಎಣ್ಣೆಯನ್ನು ಯಾರೂ ಕೊಳ್ಳಲೂ ಇಲ್ಲ. ಬಂದವರೆಲ್ಲ ಬೋರ್ಡ್ ಓದಿ, ಫೋನಿನಲ್ಲಿ ಅದರ ಫೋಟೊ ತೆಗೆದುಕೊಂಡು, ಅಯ್ಯೋ ಇದೆಲ್ಲ ನಮ್ಮ ಅಡುಗೆಮನೇಲೇ ಇದೆಯಲ್ಲ ಅಂತ ಖುಷಿಯಾಗಿ ಹೊರಟುಹೋದರು. ವಾಪಸ್ ಬಂದ ಮೇಡಂ ಗೋಡೆ ನೋಡಿದರು, ಕಪಾಟಿನಲ್ಲಿ ತುಂಬಿಕೊಂಡು ಕೂತಿದ್ದ ಬಾಟಲಿಗಳನ್ನು ನೋಡಿದರು.

"ನಿನಗೆ ಬಾಯಿ ಇಲ್ಲ ಅಂತ ಬೇಜಾರಾಗಿತ್ತು ನನಗೆ. ಬಾಯಿ ಇಲ್ಲದೇನೇ ಇಷ್ಟು ಮಾಡಿದೀಯ."

ಎಣ್ಣೆ ನಮ್ದು, ಕೈ ನಿಮ್ದು

ಆಮೇಲೆ ಶುರುವಾಯಿತು ನೋಡಿ ಹೊಸ ಪದ್ಧತಿ. ಹಿಟ್ಟಿನ ಗಿರಣಿಗೆ ನಮ್ಮ ಕಾಳು ನಾವು ಒಯ್ಯುತ್ತೀವಿ, ಟೈಲರ್ ಹತ್ತಿರ ನಮ್ಮ ಬಟ್ಟೆ ನಾವು ಕೊಡುತ್ತೀವಿ. ಹಾಗೇ ಜನ ಮನೆಯಿಂದಲೇ ಎಣ್ಣೆ ಬೆರೆಸಿ ತಂದು, ತಿಕ್ಕಿ ಕೊಡಿ ಸಾಕು ಅನ್ನತೊಡಗಿದರು. ಮೇಡಂ ಹಲ್ಲು ಕಚ್ಚಿಕೊಂಡು ಒಪ್ಪಿದರು. ಬಂದವರನ್ನು ವಾಪಸ್ ಕಳಿಸೋದು ಹೇಗೆ?

ನಮ್ಮ ಹಿಂದಿನ ರಸ್ತೆಯಲ್ಲೇ ಇರುವ ಒಬ್ಬ ಅಜ್ಜಿ ಬಂದರು. ಮನೆಯಲ್ಲಿ ಉರ್ದು, ನನ್ನ ಹತ್ತಿರ ಚೊಕ್ಕ ಕನ್ನಡ. ಅವರ ಮನೆಯವರದು ಒಣಹಣ್ಣಿನ ಅಂಗಡಿ. ಮೊದಲು ನಮ್ಮ ಬಾಟಲಿ ಮೂಸಿ, ಇದಕ್ಕೆ ಬಾದಾಮಿ ಮರ ದೂರದಿಂದ ಸಲಾಂ ಹೊಡೆದು ಹೋಗಿದೆ ಅಂದರು. ಆಮೇಲೆ ಬುರ್ಖಾದ ಒಳಗಿಂದ ಪುಟಾಣಿ ಸೀಸೆ ತೆಗೆದರು. ಅಪ್ಪಟ ಬಾದಾಮಿ ಎಣ್ಣೆ. ಪ್ರತಿ ಬೆರಳಿಗೂ ಅವರೇ ಒಂದೊಂದು ತೊಟ್ಟು ಬಿಟ್ಟರು, ನಾನು ತಿಕ್ಕಿದೆ. ಮುಗಿದ ಮೇಲೆ ಸೀಸೆಯ ಬಾಯಿಗೆ ಅಂಟಿದ್ದನ್ನು ಬೆರಳಲ್ಲಿ ಒರೆಸಿ ಕೆನ್ನೆಗೆ ಹಚ್ಚಿಕೊಂಡು, ಮುಚ್ಚಳ ಬಿಗಿ ಮಾಡಿ, ಎದ್ದು ನಿಂತು ನನ್ನ ಕೈಗಳನ್ನು ನೋಡಿದರು.

"ನಿನ್ ಕೈಗೆ ಅಂಟಿರೋದು ಪರವಾಗಿಲ್ಲ ಬೇಟಾ. ಅದು ನೀನೇ ಇಟ್ಕೋ."

ಎರಡು ಡಬ್ಬಿ

ತಿಂಗಳ ಕೊನೆಯ ದಿನ ಬಂತು. ಮೇಡಂ ಮೂಲೆಯ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಬೆಳಿಗ್ಗೆಯಿಂದ ನಾನು ಆಡಿದ್ದು ಬನ್ನಿ, ಕೂತ್ಕೊಳ್ಳಿ ಎರಡೇ ಮಾತು.

ಹನ್ನೊಂದು ಗಂಟೆಗೆ ಹೆಬ್ಬಾಳದಿಂದ ಹೊಸದಾಗಿ ಮದುವೆಯಾದ ಒಬ್ಬಳು ಬಂದಳು. ಪಾತ್ರೆ ತೊಳೆದೂ ತೊಳೆದೂ ಉಗುರಿನ ಪಕ್ಕದ ಚರ್ಮವೆಲ್ಲ ಕಿತ್ತು ಹಸಿಯಾಗಿತ್ತು. ನಮ್ಮ ಬೋರ್ಡಿನ ಫೋಟೊ ನೋಡಿ ಬೆಳಿಗ್ಗೆ ಬೇಗ ಎದ್ದು ಎಣ್ಣೆ ಬೆರೆಸಿದಳಂತೆ. ಹರಳೆಣ್ಣೆ ಮೊದಲು ಇದ್ದಿದ್ದಕ್ಕೆ ಅದನ್ನೇ ಅರ್ಧಕ್ಕಿಂತ ಜಾಸ್ತಿ ಹಾಕಿ, ಕೊನೆಗೆ ಎರಡು ವಿಟಮಿನ್ ಇ ಮಾತ್ರೆ ಒಡೆದು ಸೇರಿಸಿದಳಂತೆ. ಪುಟ್ಟ ಸ್ಟೀಲ್ ಡಬ್ಬಿ ಬಿಚ್ಚಿ ನನ್ನ ಮುಂದೆ ಇಟ್ಟು, ಬೆರಳು ಅದ್ದೋಕೆ ಹೋದಳು.

ಎಣ್ಣೆ ಕೆಂಪಗಿತ್ತು. ಇಂಗಿನ ವಾಸನೆ ಮೂಗಿಗೆ ಹೊಡೆಯಿತು. ನಾನು ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡೆ. "ಅದ್ದಬೇಡಿ. ಇದು ಉಪ್ಪಿನಕಾಯಿ ಎಣ್ಣೆ."

ಅವಳು ಮೂಸಿ ನೋಡಿದಳು. ಅಯ್ಯೋ, ಡಬ್ಬಿ ಬದಲಾಗಿಬಿಟ್ಟಿದೆ ಅಂದಳು. ಮನೆಯಲ್ಲಿ ಒಂದೇ ಥರದ ಎರಡು ಡಬ್ಬಿ ಇವೆಯಂತೆ. ಉಪ್ಪಿನಕಾಯಿ ಭರಣಿಯಲ್ಲಿ ಮೇಲೆ ತೇಲುವ ಎಣ್ಣೆಯನ್ನು ಅವಳ ಮಾವ ಇಡ್ಲಿಗೆ ಹಾಕಿಕೊಂಡು ತಿನ್ನುತ್ತಾರಂತೆ. ಹೆಸರಘಟ್ಟದ ಹತ್ತಿರ ಅವರ ಹಸುಗಳ ಶೆಡ್ಡಿದೆ, ಬೆಳಿಗ್ಗೆ ಆರಕ್ಕೇ ಇಡ್ಲಿ ಕಟ್ಟಿಸಿಕೊಂಡು ಹೊರಟುಹೋದರಂತೆ. ಇನ್ನೊಂದು ಡಬ್ಬಿ ಅವರ ಜೊತೆ ಹೋಗಿದೆ. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನು ಮಾಡುತ್ತೆ ಅನ್ನೋದನ್ನು ಮೂವರಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಫೋನ್ ಮಾಡಿದಳು. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಹಲೋ ಅಂತ ಕೇಳಿದ್ದೇ ತಡ, ಅವಳು ಸ್ಪೀಕರ್ ಒತ್ತಿ ಫೋನನ್ನು ನನ್ನ ಕಡೆ ತಳ್ಳಿದಳು. "ನೀವೇ ಹೇಳಿ ಅಕ್ಕ. ಮಾವನ ಹತ್ರ ನಂಗೆ ಮಾತೇ ಬರಲ್ಲ."

ನನಗಿಂತ ನಾಚಿಕೆಯವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಾಗೆ ನೋಡಿದಾಗ ಎಲ್ಲಿಂದಲೋ ಧೈರ್ಯ ಬರುತ್ತೆ ಅಂತಲೂ ಗೊತ್ತಿರಲಿಲ್ಲ. ನಾನು ಒಂದೇ ಉಸಿರಿಗೆ ಹೇಳಿದೆ. ನಿಮ್ಮ ಡಬ್ಬಿಯಲ್ಲಿರೋದು ಉಪ್ಪಿನಕಾಯಿ ಎಣ್ಣೆ ಅಲ್ಲ, ಉಗುರಿಗೆ ಹಚ್ಚೋದು. ಅರ್ಧಕ್ಕಿಂತ ಜಾಸ್ತಿ ಹರಳೆಣ್ಣೆ, ಆಮೇಲೆ ಬಾದಾಮಿ, ಆಮೇಲೆ ಎಳ್ಳೆಣ್ಣೆ, ಕೊನೆಗೆ ಎರಡು ವಿಟಮಿನ್ ಮಾತ್ರೆ. ಬಣ್ಣ, ಸೆಂಟು ಏನೂ ಹಾಕಿಲ್ಲ, ಹೆದರಬೇಡಿ. ಇನ್ನು ತಿನ್ನಬೇಡಿ, ಉಪ್ಪು ಸಕ್ಕರೆ ಹಾಕಿದ ನೀರು ಕುಡಿಯುತ್ತಿರಿ, ಸುಸ್ತು ಅನಿಸಿದರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಮೇಡಂ ಕುರ್ಚಿಯಿಂದ ಎದ್ದು ನಿಂತಿದ್ದರು. ನಾಳೆಯಿಂದ ಪಾರ್ಲರಿನ ಫೋನೂ ನೀನೇ ಎತ್ತು ಅಂತ ನನ್ನ ಕಿವಿಯಲ್ಲಿ ಹೇಳಿದರು. ಕೆಲಸ ಉಳಿಯಿತು ಅಂತ ನನಗೆ ಅರ್ಥವಾಗೋಕೆ ಒಂದು ಕ್ಷಣ ಬೇಕಾಯಿತು.

ಆ ಕಡೆ ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿಸಿತು.

"ಎಂಟ್ ಗಂಟೇಗೆ ಆರು ಇಡ್ಲಿ ತಿಂದೆ ಕಣವ್ವ," ಅಂದರು ಮಾವ. "ಒಂಬತ್ತೂವರೆಯಿಂದ ಇಲ್ಲೇ ಕೂತಿವ್ನಿ."

ಸೊಸೆ ಅಳೋ ಹಾಗಾಗಿ, ಫೋನಿನ ಹತ್ತಿರ ಬಗ್ಗಿ, ತಪ್ಪಾಯ್ತು ಮಾವ ಅಂದಳು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳೋಕೆ ಅವರಿಗೆ ಪುರಸೊತ್ತೂ ಇದ್ದ ಹಾಗಿರಲಿಲ್ಲ.

"ಬೇಜಾರ್ ಮಾಡ್ಕೋಬ್ಯಾಡ ಬುಡವ್ವ. ಎಣ್ಣೆ ಏನೂ ಮೋಸ ಇಲ್ಲ. ಉಗುರಿಗೆ ಎಂಗೋ ಕಾಣೆ, ಒಟ್ಟೆಗಂತೂ ಬಲೇ ಕೆಲಸ ಮಾಡ್ತು."